ಗುಡುಗನ ಡ್ರಮ್ ಯಾರಿಗೆ ಓಗೊಟ್ಟಿತು?

“ಇನ್ನೊಂದ್ಸಲ ಹಾಕಿ,” ಎಂದೆ.

ರೆಕಾರ್ಡಿಸ್ಟ್ ನನ್ನ ಮುಖ ನೋಡಿದ. ಬೆಳಗಿನಿಂದ ಇದೇ ಮಾತು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಆದರೂ ಹಾಡಿನಲ್ಲಿ ಗಿಟಾರಿನ ಸದ್ದನ್ನು ಮುಚ್ಚಿದ, ಬೇಸ್ ಗಿಟಾರನ್ನು ಮುಚ್ಚಿದ, ಹಾಡುಗಾರನ ಗಂಟಲನ್ನೂ ಮುಚ್ಚಿದ. ಉಳಿದದ್ದು ಸತ್ತವನ ಡ್ರಮ್ ಒಂದೇ.

ಮೊದಲು ಏನೂ ಇಲ್ಲ. ಖಾಲಿ ಕೋಣೆಯ ಉಸಿರು, ಅಷ್ಟೇ. ಆಮೇಲೆ ಎಲ್ಲಿಂದಲೋ ಸಣ್ಣಗೆ ಝುರ್ರ್ ಎಂಬ ಸದ್ದು ಎದ್ದಿತು. ಏರಿತು, ಇಳಿಯಿತು, ತಡೆಯಿತು, ಮತ್ತೆ ಏರಿತು. ಡ್ರಮ್ಮಿಗೆ ಇನ್ನೂ ಒಂದು ಏಟೂ ಬಿದ್ದಿರಲಿಲ್ಲ. ಯಾರೂ ಮುಟ್ಟದ ಡ್ರಮ್ಮು ತನ್ನಷ್ಟಕ್ಕೆ ತಾನೇ ಗುನುಗುತ್ತಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಕಣ್ಣು ಮುಚ್ಚಿಕೊಂಡಳು.

ಅಕ್ಕ ಅಂದರೆ ಸತ್ತವನ ಅಕ್ಕ. ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ತಮ್ಮನ ಸ್ನೇಹಿತರೆಲ್ಲ ಅಕ್ಕ, ಅಕ್ಕ ಎಂದು ಕರೆದು ಕರೆದು ಆಕೆಗೆ ಬೇರೆ ಹೆಸರೇ ಇಲ್ಲದಂತಾಗಿತ್ತು. ನಾನೂ ಹಾಗೇ ಕರೆಯತೊಡಗಿದ್ದೆ.

ಸತ್ತವನನ್ನು ಗುಡುಗ ಎನ್ನುತ್ತಿದ್ದರು. ಚಳಿಗಾಲದ ಒಂದು ಮಧ್ಯಾಹ್ನ, ಈ ಸ್ಟುಡಿಯೋದ ಹೊರಗಿರುವ ಸಾಮಾನು ಲಿಫ್ಟಿನ ಗುಂಡಿಗೆ ಬಿದ್ದು ಸತ್ತ. ಒಬ್ಬನೇ ಇದ್ದ, ಮಣಿಕಟ್ಟು ಹಾಳಾಗಿ ಇನ್ನು ಬಾರಿಸಲಾಗದೆಂಬ ಕೊರಗಿನಲ್ಲಿ ತಾನೇ ಹಾರಿದ ಎಂದು ಪೊಲೀಸರು ಕೈತೊಳೆದುಕೊಂಡರು.

ಆ ಹೊತ್ತಿಗೆ ಆಸ್ಪತ್ರೆಯ ಡ್ಯೂಟಿಯಲ್ಲಿದ್ದೆ ಎಂದ ಅಕ್ಕ ಅದನ್ನು ಒಪ್ಪಲಿಲ್ಲ. ಅವನ ಸಂಗೀತ ತಂಡದವರು ಹೊಸ ಹಾಡುಗಳ ಪ್ರತಿಯನ್ನು ಮನೆಗೆ ಕಳಿಸಿದಾಗ ಕೊನೆಯ ಹಾಡಿನಲ್ಲಿ ಈ ಝುರ್ರ್ ಕೇಳಿ ಪತ್ತೇದಾರನಾದ ನನ್ನ ಬಾಗಿಲಿಗೆ ಬಂದಳು. “ನನ್ನ ತಮ್ಮ ಸಾಯೋವಾಗ ಒಬ್ಬನೇ ಇರ್ಲಿಲ್ಲ. ಯಾರಿದ್ರು ಅಂತ ಹುಡುಕಿ ಕೊಡಿ,” ಎಂದಳು. “ಅಮ್ಮ ಅವನ ಫೋಟೋನ ಬೀರುವಿನೊಳಗೆ ಇಟ್ಬಿಟ್ಟಿದ್ದಾಳೆ. ಹೇಡಿ ಮಗ ಅಂತಾಳೆ. ಅಮ್ಮನಿಗಾದ್ರೂ ನಿಜ ಗೊತ್ತಾಗ್ಬೇಕಲ್ಲ?”

ಆ ಮಾತಿಗೇ ನಾನು ಸೋತದ್ದು. ಹೆತ್ತವಳು ಮಗನನ್ನು ಎರಡು ಸಲ ಕಳೆದುಕೊಳ್ಳುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

“ಆ ಗುನುಗು ಏನು?” ರೆಕಾರ್ಡಿಸ್ಟನನ್ನು ಕೇಳಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತದ ಗಂಧಗಾಳಿ ಇಲ್ಲ. ಎಡಗಿವಿ ಬೇರೆ ಮಂದ. ಇವರು ಬಾರಿಸುವ ಈ ಸೈಕೆಡೆಲಿಕ್ ರಾಕ್ ಎಂಬುದು ಯಾರೋ ತಲೆಯನ್ನು ರುಬ್ಬುಗುಂಡಿನ ಕೆಳಗಿಟ್ಟು ನಿಧಾನವಾಗಿ ತಿರುಗಿಸಿದ ಹಾಗಿರುತ್ತದೆ.

“ಸ್ನೇರ್ ಸಾರ್. ಮಂಡಿಗಳ ಮಧ್ಯೆ ಇಟ್ಕೋತಾರಲ್ಲ, ಆ ಸಣ್ಣ ಡ್ರಮ್ಮು. ಅದರ ಹೊಟ್ಟೆ ಕೆಳಗೆ ತೆಳ್ಳಗಿನ ತಂತಿಗಳಿರ್ತವೆ. ಅಕ್ಕಪಕ್ಕ ಏನಾದ್ರೂ ಅದುರಿದ್ರೆ ಅವೂ ಅದುರ್ತವೆ.”

“ಬೇರೆ ಸ್ಟುಡಿಯೋದಲ್ಲೂ ಹೀಗೆ ಬಿಟ್ಟಿರ್ತಾರಾ?”

“ಛೆ, ಬಿಡ್ತಾರಾ? ಒರೆಸಿ ತೆಗೀತಾರೆ. ಈ ತಂಡದೋರು ಮಾತ್ರ ಒರೆಸೋಕೆ ಬಿಡಲ್ಲ. ಕೋಣೆ ಹೇಗಿತ್ತೋ ಹಾಗೇ ಕೇಳಿಸ್ಬೇಕು ಅನ್ನೋದು ಇವ್ರ ಹಠ. ಗುಡುಗ ಹೋದ್ಮೇಲಂತೂ ಮುಗೀತು. ಅವನ ಸದ್ದಿನ ಒಂದು ಕೂದಲು ಕೊಂಕಿದ್ರೂ ನಿನ್ನ ಕೈ ಮುರೀತೀನಿ ಅಂತ ಹಾಡುಗಾರ ಹೇಳಿದ್ದ.”

“ಏನೋ ಅದುರಿದ್ರೆ ಅಂದ್ರಲ್ಲ. ಆ ದಿನ ಅದುರಿದ್ದು ಏನು?”

ಅವನು ತಲೆ ಕೆರೆದುಕೊಂಡ. “ನನಗೆ ಆ ದಿನ ಜ್ವರ, ಮನೇಲಿ ಮಲಗಿದ್ದೆ. ಗುಡುಗನೇ ಮಿಷನ್ ಚಾಲೂ ಮಾಡ್ಕೊಂಡು ಬಾರಿಸಿದ್ದಾನೆ. ಕೆಳಗಡೆ ಜನರೇಟರ್ ಓಡ್ತಿತ್ತೇನೋ ಅಂದ್ಕೊಂಡೆ.”

“ಜನರೇಟರ್ ಹೀಗೆ ಏರಿಳಿದು ರಾಗ ಹಾಡುತ್ತಾ?”

ಅವನು ಮಿಷನ್ನಿನ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

“ಸ್ನೇರನ್ನ ಇಷ್ಟು ಚೆನ್ನಾಗಿ ಅದುರಿಸೋದು ಯಾವುದು? ಯೋಚನೆ ಮಾಡಿ ಹೇಳಿ.”

“ಬೇಸ್ ಗಿಟಾರು ಸಾರ್.” ಅವನ ದನಿ ಇಳಿದಿತ್ತು. “ಬೇಸಿನ ಸ್ಪೀಕರ್ ಪೆಟ್ಟಿಗೇನ ಪಕ್ಕದ ಸಣ್ಣ ಕೋಣೇಲಿಟ್ಟು ಬಾಗಿಲು ಹಾಕ್ತೀವಿ, ಡ್ರಮ್ಮಿನ ಮೈಕಿಗೆ ಅದರ ಸದ್ದು ಬೀಳಬಾರ್ದು ಅಂತ. ಸದ್ದು ಬರಲ್ಲ. ಆದ್ರೆ ಮರದ ನೆಲ ನೋಡಿ, ಅದುರು ಬರುತ್ತೆ.”

ಅಕ್ಕ ಕಣ್ಣು ತೆರೆದಳು. “ಅಂದ್ರೆ ಆ ಕೋಣೇಲಿ ಯಾರೋ ಕೂತಿದ್ರು.”

“ಆದ್ರೆ ಹಾಡಿನ ಈ ಜಾಗದಲ್ಲಿ ಬೇಸೇ ಇಲ್ಲ ಅಕ್ಕ,” ಎಂದ ರೆಕಾರ್ಡಿಸ್ಟ್. “ಬೇಸನ್ನ ಮಂದ್ರ ಒಂದು ತಿಂಗಳಾದ್ಮೇಲೆ ತನ್ನ ಮನೇಲಿ ಬಾರಿಸಿ ಕಳಿಸಿದ್ದು. ಮೊದಲೆರಡು ನಿಮಿಷ ಸುಮ್ನಿದ್ದಾನೆ.”

ಇಲ್ಲದ ಬೇಸಿಗೆ ಡ್ರಮ್ಮು ಓಗೊಡುತ್ತಿದೆ.

*

ಬಾಗಿಲು ದಬಾರನೆ ತೆರೆದುಕೊಂಡಿತು. ಹಾಡುಗಾರ ಒಳಗೆ ಬಂದ. ತಂಡದ ಯಜಮಾನ, ಗಿಟಾರೂ ಅವನದೇ. ಕಪ್ಪು ಅಂಗಿ, ಕಪ್ಪು ಕನ್ನಡಕ, ಕಂಕುಳಲ್ಲಿ ಹೊಸ ರೆಕಾರ್ಡುಗಳ ಪೆಟ್ಟಿಗೆ. ಮೇಲಿನ ರೆಕಾರ್ಡಿನ ಹೊದಿಕೆಯ ಮೇಲೆ ‘ಸುಳಿ’ ಎಂದು ಬರೆದಿತ್ತು, ಕೆಳಗೆ ಗುಡುಗನ ನಗುಮುಖ.

“ಇನ್ನೂ ಮುಗೀಲಿಲ್ವಾ ನಿಮ್ಮ ಪತ್ತೇದಾರಿಕೆ?” ಎಂದ. “ಕೆಳಗೆ ಜನ ಸೇರ್ತಿದ್ದಾರೆ. ಇನ್ನೇನು ಎಲ್ಲರೂ ಮೇಲೆ ಬರ್ತಾರೆ. ಅವರ ಮುಂದೆ ಒಂದ್ಸಲ ಹಾಡು ಕೇಳಿಸಿ, ಸ್ಲೇಟು ಒರೆಸಿಬಿಡ್ತೀವಿ.”

ಸ್ಲೇಟು ಒರೆಸುವುದು ಎಂದರೆ ಈ ತಂಡದ ಒಂದು ಕ್ರಮ. ಹಾಡು ಹೊರಬಂದ ದಿನ ಕೇಳುಗರ ಎದುರೇ ಒಟ್ಟಿಗೆ ಕೈಯಿಟ್ಟು, ಬಿಡಿಬಿಡಿಯಾಗಿ ಧ್ವನಿಮುದ್ರಿಸಿದ್ದನ್ನೆಲ್ಲ ಅಳಿಸಿ ಹಾಕುತ್ತಾರೆ. ಡ್ರಮ್ ಬೇರೆ, ಗಿಟಾರ್ ಬೇರೆ ಎಂದು ಇನ್ನು ಯಾರೂ ಬಿಡಿಸಿ ಕೇಳುವ ಹಾಗಿಲ್ಲ. ಹೊರಗೆ ಹೋದದ್ದಷ್ಟೇ ಹಾಡು, ಉಳಿದದ್ದು ಕಸ ಎಂಬ ಗರ್ವ. ನನ್ನ ಪಾಲಿಗೆ ಅದು ಸಾಕ್ಷಿಯನ್ನು ಮೆರವಣಿಗೆ ಮಾಡಿ ಸುಡುವ ಕೆಲಸ.

“ಒಂದು ದಿನ ತಡೀರಿ,” ಎಂದೆ.

“ಒಂದು ಗಂಟೆಯೂ ತಡೆಯಲ್ಲ. ಮೊದಲ ರೆಕಾರ್ಡಿನಿಂದ ಹೀಗೇ ಮಾಡ್ಕೊಂಡು ಬಂದಿದ್ದೀವಿ. ಗುಡುಗನೇ ಶುರು ಮಾಡಿದ್ದು. ಅವನಿಗಾಗಿಯಾದ್ರೂ ಮಾಡ್ತೀವಿ.”

“ಗುಡುಗ ತಂಡ ಬಿಡ್ತೀನಿ ಅಂದಿದ್ದನಂತೆ. ನೀವು ಅವನ ಕೊರಳಪಟ್ಟಿ ಹಿಡಿದಿದ್ರಂತೆ.”

ಅವನು ಕನ್ನಡಕ ತೆಗೆದ. ಕಣ್ಣುಗಳು ಕೆಂಪಾಗಿದ್ದವು. “ಹಿಡಿದಿದ್ದೆ. ಒಂದೇ ತಟ್ಟೇಲಿ ಉಂಡು ಬೆಳೆದೋನು ಬಿಟ್ಟು ಹೋಗ್ತೀನಿ ಅಂದ್ರೆ ಹಾರ ಹಾಕ್ಬೇಕಿತ್ತಾ? ಆದ್ರೆ ಅವನು ಬಿದ್ದ ಹೊತ್ತಿಗೆ ನಾನು ರೇಡಿಯೋದಲ್ಲಿ ಮಾತಾಡ್ತಿದ್ದೆ. ಊರಿಗೂರೇ ಕೇಳಿದೆ. ನಿಮ್ಮನ್ನ ಬಿಟ್ಟು.”

ಅದು ನಿಜ. ನಾನು ವಿಚಾರಿಸಿದ್ದೆ. ಸಂದರ್ಶನ ನೇರಪ್ರಸಾರವಾಗಿತ್ತು, ಮಧ್ಯೆ ಒಂದು ಸಲ ಕೆಮ್ಮಿದ್ದನ್ನೂ ಜನ ನೆನಪಿಟ್ಟುಕೊಂಡಿದ್ದರು.

“ಮಂದ್ರ ಎಲ್ಲಿ?” ಎಂದೆ.

“ಮೆಟ್ಟಲಲ್ಲಿ ಕೂತಿದ್ದಾನೆ. ಬೆಳಗಿಂದ ಗ್ರಹಣ ಹಿಡಿದೋರ ಥರ.” ಅವನು ಪೆಟ್ಟಿಗೆ ಕೆಳಗಿಟ್ಟು ಅಕ್ಕನ ಕಡೆ ನೋಡಿದ. ಕನ್ನಡಕ ಹಾಕಿಕೊಂಡು ಹೊರಟುಹೋದ.

*

ಮಂದ್ರ ಬೇಸ್ ಗಿಟಾರಿನವನು. ಬಾಗಿಲು ತುಂಬುವ ಆಳು, ಆದರೆ ಮಾತಾಡಿದರೆ ಕಿವಿಗೊಟ್ಟು ಕೇಳಬೇಕು. ಆ ದಿನ ಬೇರೆ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ ಎಂದು ಪೊಲೀಸರಿಗೆ ಹೇಳಿದ್ದ, ನನಗೂ ಹೇಳಿದ್ದ. ಅವನ ಹೆಂಡತಿ ಹೌದು ಹೌದು ಎಂದು ತಲೆಯಾಡಿಸಿದ್ದಳು, ಆದರೆ ನನ್ನ ಮುಖ ನೋಡಿರಲಿಲ್ಲ.

ಮೆಟ್ಟಿಲ ಪಕ್ಕದಲ್ಲೇ ಲಿಫ್ಟು. ಇದು ಹಿಂದೆ ಬನಿಯನ್ ಹೊಲಿಯುವ ಕಾರ್ಖಾನೆಯಾಗಿದ್ದ ಕಟ್ಟಡ. ಬಟ್ಟೆಯ ಮೂಟೆ ಇಳಿಸಲು ಮಾಡಿದ ಲಿಫ್ಟು ಅದು, ಒಳಗೆಲ್ಲ ಕಾಣುವಂಥ ಕಬ್ಬಿಣದ ಜಾಲರಿ ಬಾಗಿಲು. ಈಗ ಅದಕ್ಕೆ ಅಡ್ಡಲಾಗಿ ಹಲಗೆ ಬಡಿದಿದ್ದರು. ಹಲಗೆಯ ಸಂದಿನಿಂದ ಬರುವ ತಣ್ಣನೆಯ ಗಾಳಿಗೆ ಗ್ರೀಸಿನ ವಾಸನೆ ಇತ್ತು. ಮಂದ್ರ ಅದಕ್ಕೆ ಬೆನ್ನು ಹಾಕಿ ಕೂತಿದ್ದ.

“ಒಂದು ಸಣ್ಣ ಉಪಕಾರ ಆಗ್ಬೇಕು,” ಎಂದೆ. “ನಿಮ್ಮ ಬೇಸ್ ಬಾರಿಸಿ ತೋರಿಸಿ.”

“ಈಗ್ಲಾ?”

“ಈಗ್ಲೇ. ನಂಗೆ ಸಂಗೀತ ತಿಳಿಯಲ್ಲ. ಸ್ವಲ್ಪ ಜ್ಞಾನ ಬರ್ಲಿ.”

ಅವನು ನಗಲಿಲ್ಲ. ಎದ್ದು ಬಂದ.

ಧ್ವನಿಮುದ್ರಣದ ಹಾಲ್ ಉದ್ದಕ್ಕಿತ್ತು. ಗೋಡೆಗೆಲ್ಲ ಸ್ಪಂಜು, ಅಲ್ಲಲ್ಲಿ ಹಳೆಯ ಕಂಬಳಿ. ನೆಲದ ಹಲಗೆಯ ಮೇಲೆ ಗುಡುಗನ ಡ್ರಮ್ಮುಗಳ ಜಾಗವನ್ನು ಬಣ್ಣದ ಟೇಪು ಅಂಟಿಸಿ ಗುರುತು ಮಾಡಿದ್ದರು. ರೆಕಾರ್ಡಿಸ್ಟ್ ಸ್ನೇರನ್ನು ತಂದು ಅದೇ ಗುರುತಿನ ಮೇಲೆ ನಿಲ್ಲಿಸಿ, ಮೈಕುಗಳನ್ನು ಅಂದಿನ ಹಾಗೆಯೇ ತೆರೆದಿಟ್ಟು, ಗಾಜಿನಾಚೆಯ ತನ್ನ ಕೋಣೆಗೆ ಹೋದ. ಅಕ್ಕ ಅವನ ಪಕ್ಕದಲ್ಲೇ ಕೂತಿದ್ದಳು. ಗಾಜಿನ ಮೂಲಕ ಇಬ್ಬರ ಮುಖವೂ ಕಾಣುತ್ತಿತ್ತು.

ಮಂದ್ರ ಸಣ್ಣ ಕೋಣೆಗೆ ಹೋಗಿ ಸ್ಪೀಕರ್ ಪೆಟ್ಟಿಗೆಯ ಪಕ್ಕ ಕೂತು ಬಾಗಿಲು ಹಾಕಿಕೊಂಡ. ಹೀಗೇ ಅವರ ಅಭ್ಯಾಸ. ಕೋಣೆಯೊಳಗಿನವನಿಗೆ ಹಾಲ್ ಕಾಣುವುದಿಲ್ಲ. ತಲೆಗೆ ಹೆಡ್‌ಫೋನ್ ಹಾಕಿಕೊಂಡರೆ ಡ್ರಮ್ಮಿನ ಮೈಕಿಗೆ ಏನು ಬೀಳುತ್ತದೋ ಅದೆಲ್ಲ ಅವನ ಕಿವಿಗೂ ಬೀಳುತ್ತದೆ.

ಅಂದಿನ ಡ್ರಮ್ಮನ್ನು ನನಗಷ್ಟೇ ಹಾಕುವಂತೆ ಹೇಳಿ ನಾನೂ ಒಂದು ಹೆಡ್‌ಫೋನ್ ಏರಿಸಿಕೊಂಡೆ. ಅಂಗೈಯನ್ನು ಸ್ನೇರಿನ ಚರ್ಮದ ಮೇಲಿಟ್ಟೆ.

“ಮೊದಲು ಬೇಸ್ ಶುರುವಾಗೋ ಕಡೆಯಿಂದ ರೆಕಾರ್ಡಿನಲ್ಲಿ ಇರೋ ಹಾಗೆ ಬಾರಿಸಿ,” ಎಂದು ಕೂಗಿದೆ.

ಬಾರಿಸಿದ. ನೆಲ ಅದುರಿತು, ನನ್ನ ಅಂಗೈ ಕೆಳಗೆ ತಂತಿಗಳು ಝುರ್ರ್ ಎಂದವು. ಆದರೆ ನನ್ನ ಕಿವಿಯಲ್ಲಿ ಓಡುತ್ತಿದ್ದ ಅಂದಿನ ಗುನುಗಿಗೂ ಇದಕ್ಕೂ ಹೊಂದಿಕೆಯಿಲ್ಲ. ಅದು ಏರುವಾಗ ಇದು ಇಳಿಯುತ್ತಿತ್ತು.

ಒಂದು ಗಳಿಗೆ ನನಗೆ ಮುಖಭಂಗವಾಯಿತು. ಗಾಜಿನಾಚೆ ರೆಕಾರ್ಡಿಸ್ಟ್ ಕೈಚೆಲ್ಲಿದ.

“ಈಗ ಅವನಿಗೂ ಗುಡುಗನ ಡ್ರಮ್ ಹಾಕಿ,” ಎಂದೆ. “ಅದೊಂದೇ. ಮಂದ್ರ, ಏನೂ ಯೋಚಿಸ್ಬೇಡಿ. ಜೊತೆಗೆ ಬಾರಿಸಿ, ಸಾಕು.”

ಡ್ರಮ್ ಶುರುವಾಯಿತು. ಖಾಲಿ ಕೋಣೆಯ ಉಸಿರು, ಆಮೇಲೆ ಆ ಗುನುಗು. ಒಳಗೆ ಸ್ವಲ್ಪ ಹೊತ್ತು ಏನೂ ಇಲ್ಲ. ಎಷ್ಟೋ ವರ್ಷ ಜೊತೆಗೆ ಬಾರಿಸಿದ ಬೆರಳುಗಳು ಸ್ನೇಹಿತನ ಸದ್ದು ಕೇಳಿದ ಮೇಲೆ ಸುಳ್ಳು ಹೇಳಲಾರವು ಎಂದು ನಾನು ಲೆಕ್ಕ ಹಾಕಿದ್ದೆ.

ನೆಲ ಅದುರಿತು.

ಕಿವಿಯಲ್ಲಿ ಅಂದಿನ ಗುನುಗು, ಅಂಗೈಯಲ್ಲಿ ಇಂದಿನದು. ಅದು ಏರಿದಾಗ ಇದೂ ಏರಿತು. ಅದು ತಡೆದಾಗ ಇದೂ ತಡೆಯಿತು. ಎರಡೂ ಒಂದೇ ಉಸಿರಿನಲ್ಲಿ ಸಾಗಿದವು. ಸತ್ತವನ ಡ್ರಮ್ಮು ನನ್ನ ಕೈಯಡಿಯಲ್ಲಿ ಎದ್ದು ಕೂತ ಹಾಗಾಗಿ ನಾನು ಕೈ ಕಿತ್ತುಕೊಂಡೆ.

ಹೋಗಿ ಬಾಗಿಲು ತೆರೆದೆ. ಮಂದ್ರ ತಲೆ ಬಗ್ಗಿಸಿ ಬಾರಿಸುತ್ತಲೇ ಇದ್ದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನನ್ನನ್ನು ಕಂಡು ಕೈ ನಿಲ್ಲಿಸಿದ.

“ಸೋದರಮಾವನ ಮನೆಯಿಂದ ಇಷ್ಟು ದೂರಕ್ಕೆ ಅದುರು ಬಂತಾ?” ಎಂದೆ.

ಅವನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡ. “ಇಲ್ಲಿಗೇ ಬಿಟ್ಬಿಡಿ ಸಾರ್.”

“ಬಿಡೋದಾ? ಅವನ ತಾಯಿ ಮಗನ ಫೋಟೋನ ಬೀರುವಿನಲ್ಲಿ ಮುಚ್ಚಿಟ್ಟಿದ್ದಾರೆ. ಗೊತ್ತಾ ನಿಮಗೆ?”

“ಗೊತ್ತು. ಆ ಮನೇಲಿ ಅನ್ನ ತಿಂದು ಬೆಳೆದೋನು ನಾನು.”

“ಹಾಗಾದ್ರೆ ಬಾಯಿ ಬಿಡಿ.”

ಅವನು ಬಾಗಿಲಾಚೆ ಹಾಲಿನ ಕಡೆ ನೋಡಿದ. ಗಾಜು ಅವನಿಗೆ ಕಾಣುತ್ತಿರಲಿಲ್ಲ. ಮೈಕುಗಳು ತೆರೆದೇ ಇವೆ, ನಾವು ಆಡುವ ಒಂದೊಂದು ಮಾತೂ ಗಾಜಿನಾಚೆ ಹೋಗುತ್ತಿದೆ ಎಂಬುದು ನನಗೂ ಆಗ ಹೊಳೆಯಲಿಲ್ಲ.

“ಅವನೇ ಫೋನ್ ಮಾಡಿದ್ದ,” ಎಂದ ಮಂದ್ರ. “ತಂಡ ಬಿಡ್ತಿದ್ದೀನಲ್ಲ, ಕೊನೇ ಹಾಡನ್ನ ನಾವಿಬ್ರೇ ಕೂತು ಬಾರಿಸೋಣ ಬಾರೋ ಅಂದ. ಮಾವನ ಮನೆಗೆ ಹೊರಟಿದ್ದೋನು ಅರ್ಧ ದಾರಿಯಿಂದ ತಿರುಗಿ ಬಂದೆ.”

“ಕೊರಗ್ತಿದ್ದನಾ? ಮಣಿಕಟ್ಟು?”

“ಯಾವ ಮಣಿಕಟ್ಟು ಸಾರ್? ಕೇಳಿದ್ರಲ್ಲ, ಅದು ಕೈ ಹಾಳಾದೋನು ಬಾರಿಸಿದ ಹಾಗಿದೆಯಾ? ಅಷ್ಟು ಖುಷಿಯಾಗಿ ಬಾರಿಸಿದ್ದನ್ನ ನಾನು ಕೇಳೇ ಇಲ್ಲ. ಇನ್ನು ಬೇರೆ ಕಡೆ ಹೋಗಿ ಹೊಸದಾಗಿ ಬದುಕ್ತೀನಿ ಅಂತಿದ್ದ. ಯಾರ ಹಂಗೂ ಬೇಡ, ಮನೆಯೋರದ್ದೂ ಬೇಡ ಅಂತಿದ್ದ.”

“ಅವನು ಹಾರಲಿಲ್ಲ.”

“ಹಾರ್ಲಿಲ್ಲ.”

ಆ ಒಂದು ಮಾತಿಗೆ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಅದನ್ನು ಕೇಳಿದರೆ ಸಾಕು, ಆ ತಾಯಿ ಬೀರುವಿನ ಬಾಗಿಲು ತೆರೆದಾಳು ಎನಿಸಿತು. ಉಳಿದರ್ಧ ಇಳಿಯಬೇಕಿತ್ತು.

“ನೀವು ಬಾರಿಸಿದ ಬೇಸ್ ಏನಾಯ್ತು?”

“ನಾನೇ ಅಳಿಸಿದೆ. ಅದಿದ್ರೆ ನಾನಿಲ್ಲಿದ್ದೆ ಅಂತ ಗೊತ್ತಾಗುತ್ತೆ. ಇದ್ದೆ ಅಂತ ಗೊತ್ತಾದ್ರೆ ಏನು ಕೇಳಿಸ್ತು ಅಂತಾರೆ. ಆಮೇಲೆ ಮನೇಲಿ ಬೇರೆ ಥರ ಬಾರಿಸಿ ಕಳಿಸಿದೆ.” ಅವನು ಕಣ್ಣೊರೆಸಿಕೊಂಡ. “ಸ್ನೇರಿನ ಗುನುಗು ಉಳಿದಿರುತ್ತೆ ಅಂತ ಗೊತ್ತಿತ್ತು. ಒರೆಸು ಅಂತ ರೆಕಾರ್ಡಿಸ್ಟ್‌ಗೆ ಹೇಳೋಕೆ ಬಾಯಿ ಬರ್ಲಿಲ್ಲ. ಅವನದು ಅಂತ ಉಳಿದಿರೋದೇ ಅಷ್ಟು. ಅದನ್ನೂ ನಾನೇ ಒರೆಸ್ಲಾ?”

ಅವನ ತಪ್ಪು ಅದೊಂದೇ. ಬೇರೆ ಯಾವನಾದರೂ ಒರೆಸಿಹಾಕಿ ನಿದ್ದೆ ಮಾಡಿರುತ್ತಿದ್ದ.

“ಹಾಡು ಮುಗಿದ ಮೇಲೆ ಏನಾಯ್ತು?”

“ಸಿಂಬಲ್ ತಟ್ಟೆಯ ಮೊರೆತ ಪೂರ್ತಿ ನಿಲ್ಲೋವರೆಗೆ ಯಾರೂ ಅಲ್ಲಾಡಬಾರ್ದು. ನಮ್ಮ ಕ್ರಮ. ನಿಂತಿತು. ಅವನು ಎದ್ದು ಹೊರಗೆ ಹೋದ. ಬರ್ತಾನೆ ಅಂತ ನಾನು ಇಲ್ಲೇ ಏನೋ ಬಾರಿಸ್ತಾ ಕೂತಿದ್ದೆ.”

“ಯಾರು ಬಂದಿದ್ರು?”

“ನಾನು ಯಾರನ್ನೂ ನೋಡ್ಲಿಲ್ಲ.”

“ನೋಡಿದ್ರಾ ಅಂತ ನಾನು ಕೇಳಲಿಲ್ಲ.”

ಮಂದ್ರ ಮಡಿಲಲ್ಲಿದ್ದ ಹೆಡ್‌ಫೋನನ್ನು ಎರಡೂ ಕೈಯಿಂದ ಅವುಚಿಕೊಂಡ.

ಆಗ ನನ್ನ ತಲೆಗೆ ಹೊಳೆದದ್ದು ಬೆಳಗ್ಗೆಯೇ ಹೊಳೆಯಬೇಕಿತ್ತು. ಗುಡುಗ ಮಿಷನ್ನನ್ನು ತಾನೇ ಚಾಲೂ ಮಾಡಿದ್ದ. ತಾನೇ ನಿಲ್ಲಿಸಬೇಕಾದವನು ಲಿಫ್ಟಿನ ಗುಂಡಿಯ ತಳದಲ್ಲಿದ್ದ.

ಹಾಲಿಗೆ ಬಂದು ಗಾಜಿನ ಕಡೆ ತಿರುಗಿ ಕೂಗಿದೆ. “ಹಾಡು ಮುಗಿದ ಮೇಲೂ ಮಿಷನ್ ಓಡಿದೆಯಾ?”

ಸ್ಪೀಕರಿನಲ್ಲಿ ರೆಕಾರ್ಡಿಸ್ಟನ ದನಿ ಬಂತು. “ಓಡಿದೆ ಸಾರ್. ಮೊರೆತ ನಿಂತ ಕಡೆ ನಾನು ಕತ್ತರಿಸಿದೆ. ಆಮೇಲಿರೋದು ಖಾಲಿ ಕೋಣೆ, ಅದನ್ನ ಯಾರು ಕೇಳ್ತಾರೆ?”

“ಪೊಲೀಸರು?”

“ಅವ್ರು ಹಾಡನ್ನೇ ಪೂರ್ತಿ ಕೇಳ್ಲಿಲ್ಲ. ತಲೆನೋವು ಅಂದ್ರು.”

“ಆ ಖಾಲಿ ಕೋಣೆ ಹಾಕಿ.”

ಮಂದ್ರ ಓಡಿಬಂದು ನನ್ನ ಮಣಿಕಟ್ಟು ಹಿಡಿದ. ಆ ಹಿಡಿತಕ್ಕೆ ನನ್ನ ಬೆರಳುಗಳು ಬಿಳುಚಿಕೊಂಡವು. “ಬೇಡ ಸಾರ್. ನಿಮ್ಮ ದಮ್ಮಯ್ಯ. ಅಕ್ಕ ಅಲ್ಲಿದ್ದಾರೆ. ಅಕ್ಕನ ಮುಂದೆ ಬೇಡ.”

ತಮ್ಮ ಸಾಯುವ ಸದ್ದನ್ನು ಅಕ್ಕ ಕೇಳದಿರಲಿ ಎಂಬ ಕರುಣೆ ಅದು ಎಂದುಕೊಂಡೆ. ನನಗೂ ಮರುಕವಾಯಿತು. ಗಾಜಿನ ಕಡೆ ನೋಡಿ, “ಅಕ್ಕ, ನೀವು ಸ್ವಲ್ಪ ಹೊರಗೆ ಹೋಗಿರಿ,” ಎಂದೆ.

ಅಕ್ಕ ಮೈಕಿನ ಹತ್ತಿರ ಬಗ್ಗಿದಳು. “ಸಾಕು ಸಾರ್. ಅವನು ಹಾರಲಿಲ್ಲ ಅಂತ ಗೊತ್ತಾಯ್ತು. ಯಾರಿದ್ರು ಅಂತಾನೂ ಗೊತ್ತಾಯ್ತು. ನನಗಿಷ್ಟು ಸಾಕು. ಇನ್ನು ಅದನ್ನ ಹಾಕ್ಬೇಡಿ.”

ದನಿ ಶಾಂತವಾಗಿತ್ತು. ಮಕ್ಕಳಿಗೆ ಸೂಜಿ ಚುಚ್ಚುವ ಮುಂಚೆ ನರ್ಸುಗಳು ಮಾತಾಡುತ್ತಾರಲ್ಲ, ಹಾಗೆ.

ಆದರೆ ರೆಕಾರ್ಡಿಸ್ಟ್ ಅಷ್ಟರಲ್ಲಿ ಗುಂಡಿ ಒತ್ತಿಬಿಟ್ಟಿದ್ದ.

*

ಸಿಂಬಲ್ಲಿನ ಮೊರೆತ. ನಿಧಾನವಾಗಿ ಸಣ್ಣದಾಗಿ, ಇದೆಯೋ ಇಲ್ಲವೋ ಎನ್ನುವಷ್ಟಾಗಿ, ನಿಂತಿತು.

ಕೋಲುಗಳನ್ನು ಕೆಳಗಿಟ್ಟ ಸದ್ದು. ಸ್ಟೂಲು ಕಿರುಗುಟ್ಟಿತು. ಯಾರೋ ನೀಳವಾಗಿ ಉಸಿರು ಬಿಟ್ಟು, ತನ್ನಷ್ಟಕ್ಕೆ ನಕ್ಕ. ಗುಡುಗನ ನಗು. ನಾನು ಅವನನ್ನು ಬದುಕಿದ್ದಾಗ ಕಂಡವನಲ್ಲ, ಆದರೂ ಅದು ಅವನದೇ ಎಂದು ತಿಳಿಯಿತು.

ಹಿಂದುಗಡೆ ಸ್ನೇರಿನ ಗುನುಗು ಮತ್ತೆ ಶುರುವಾಗಿತ್ತು. ಪಕ್ಕದ ಕೋಣೆಯಲ್ಲಿ ಮಂದ್ರ ಸುಮ್ಮನೆ ಬಾರಿಸುತ್ತ ಕೂತಿದ್ದಾನೆ. ಅದರ ಮೇಲೆ ದೂರದಿಂದ ಕಬ್ಬಿಣದ ಜಾಲರಿ ಬಾಗಿಲು ಸರಿದ ಕರಕರ.

ಮರದ ನೆಲದ ಮೇಲೆ ಹೆಜ್ಜೆಗಳು ಆ ಕಡೆ ನಡೆದವು. ಆಮೇಲೆ ಹಾಲಿನ ಬಾಗಿಲಿನಿಂದ ಗುಡುಗನ ದನಿ ಕೇಳಿತು, ಸ್ಪಷ್ಟವಾಗಿ, ಖುಷಿಯಾಗಿ.

“ಬಂದೆ ಕಣೆ ಅಕ್ಕ! ಲಿಫ್ಟಿನ ಬಾಗಿಲು ಹಿಡ್ಕೊಂಡಿರು, ಬಂದೆ!”

ಮಂದ್ರ ನನ್ನ ಮಣಿಕಟ್ಟು ಬಿಟ್ಟ.

ಗುನುಗು ನಡೆದೇ ಇತ್ತು. ಆಮೇಲೆ ಅದೂ ನಿಂತಿತು. ಒಳಗೆ ಕೂತವನು ಏನೋ ಆಲಿಸಲು ಬೆರಳು ತಡೆದಿದ್ದ. ಖಾಲಿ ಕೋಣೆ ಉಸಿರಾಡುತ್ತಿತ್ತು.

ಕೂಗು ಕೇಳಿಸಲಿಲ್ಲ. ಒಂದು ಕೂಗಾದರೂ ಇರಬಹುದೆಂದು ಕಾದೆ, ಇರಲಿಲ್ಲ. ಬೇಸೂ ಇಲ್ಲದ, ಏಟೂ ಬೀಳದ ಆ ಮೌನದಲ್ಲಿ ಸ್ನೇರಿನ ತಂತಿಗಳು ಒಂದೇ ಒಂದು ಸಲ ಜೋರಾಗಿ ಝಲ್ ಎಂದವು. ಕಟ್ಟಡವೇ ಒಂದು ಪೆಟ್ಟು ತಿಂದ ಹಾಗೆ.

ರೆಕಾರ್ಡಿಸ್ಟ್ ಗಾಜಿನಾಚೆ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ನಿಲ್ಲಿಸುವುದೂ ಅವನಿಗೆ ಮರೆತುಹೋಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಬೇರೆ ಹೆಜ್ಜೆಗಳು. ಹಗುರ ಹೆಜ್ಜೆಗಳು. ಹಾಲಿನೊಳಗೆ ಬಂದವು, ಡ್ರಮ್ಮಿನ ಹತ್ತಿರ ನಿಂತವು. ಮೈಕಿಗೆ ಅಷ್ಟು ಹತ್ತಿರ ಉಸಿರಾಟ, ಓಡಿ ಬಂದವರದಲ್ಲ, ಅಳುವವರದಲ್ಲ. ಯಾರಾದರೂ ಇದ್ದಾರೋ ಎಂದು ಕಿವಿಗೊಟ್ಟು ನಿಂತವರ ಉಸಿರಾಟ. ಆಮೇಲೆ ಹೆಜ್ಜೆಗಳು ವಾಪಸು ಹೋದವು.

“ಡ್ಯೂಟಿಯಲ್ಲಿದ್ದೆ ಅಂದಿದ್ದರು,” ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ.

ಗಾಜಿನಾಚೆ ಅಕ್ಕನ ಕುರ್ಚಿ ಖಾಲಿಯಾಗಿತ್ತು.

ಲಿಫ್ಟಿಲ್ಲದ ಗುಂಡಿಯ ಬಾಗಿಲು ಸರಿಸಿ ತಮ್ಮನನ್ನು ಕರೆದದ್ದು ಆಕೆಯೇ. ತಮ್ಮನ ಡ್ರಮ್ ಕೇಳುತ್ತಲೇ ಬೆಳೆದ ಆಕೆಗೆ ಆ ಝುರ್ರ್ ಕೇಳಿದೊಡನೆ ತಿಳಿದಿತ್ತು, ಪಕ್ಕದ ಕೋಣೆಯಲ್ಲಿ ಒಬ್ಬ ಇದ್ದ, ಎಲ್ಲ ಕೇಳಿದ್ದ ಎಂದು. ಯಾರು ಎಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನು ಹುಡುಕಿ ಕೊಡಲು ಆಕೆ ನನ್ನನ್ನು ಇಟ್ಟುಕೊಂಡಳು. ಪೆದ್ದನಂತೆ ನಾನು ಅವನ ಕೈಹಿಡಿದು ಕರೆತಂದು, ಆಕೆಯ ಕಣ್ಣೆದುರೇ ಬಾರಿಸಿ ತೋರಿಸಿದ್ದೆ.

ಹಾಲಿನ ಬಾಗಿಲು ತೆರೆಯಿತು. ಅಕ್ಕ ಒಳಗೆ ಬಂದು, ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಮುಚ್ಚಿದಳು. ಹೊರಗೆ ಮೆಟ್ಟಿಲ ಮೇಲೆ ಜನರ ಗದ್ದಲ ಏರಿ ಬರುತ್ತಿತ್ತು. ಹಾಡುಗಾರ ಯಾರಿಗೋ ಸ್ವಾಗತ ಹೇಳುತ್ತಿದ್ದ, ಯಾರೋ ಗುಡುಗನ ಹೆಸರು ಕೂಗಿ ಚಪ್ಪಾಳೆ ತಟ್ಟಿದರು.

ಆಕೆ ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಮಂದ್ರನ ಬಳಿ ಹೋದಳು. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ನಡುಗುತ್ತಿದ್ದ.

“ಅಕ್ಕ, ನಾನು ಯಾರಿಗೂ...” ಎಂದ.

ಆಕೆ ಕೈಯೆತ್ತಿ ಅವನ ಹಣೆ ಮುಟ್ಟಿದಳು, ಜ್ವರ ನೋಡುವ ಹಾಗೆ. ಅಂಗೈಯಿಂದ ಅವನ ಬೆವರು ಒರೆಸಿದಳು.

“ಇಷ್ಟು ದಿನ ಒಬ್ಬನೇ ಹೊಟ್ಟೇಲಿಟ್ಕೊಂಡು ಸಂಕಟಪಟ್ಯಲ್ಲೋ ಕಂದ,” ಎಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಹೆಂಡ್ತಿಗೆ ಹೇಳಿದ್ದೀಯಾ?”